ಮೈನಸ್ ನಲವತ್ತಕ್ಕೆ ಒಂದು ಜೊತೆ ಬೂಟು

ಮನೆಗೆ ಬಂದವರ ಮುಖ ನೋಡುವ ಮೊದಲು ದ್ಯಾಮವ್ವ ಕಾಲು ನೋಡುತ್ತಿದ್ದಳು. ಐವತ್ತು ವರ್ಷ ಅಥಣಿಯಲ್ಲಿ ಕೂತು ಚಪ್ಪಲಿ ಹೊಲಿದವಳಿಗೆ ಅದು ಚಟವೂ ಹೌದು, ವಿದ್ಯೆಯೂ ಹೌದು. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿರುವ ಮಗನ ಮನೆಗೆ ಬಂದಿಳಿದ ಮರುದಿನವೇ, ಬಾಗಿಲ ಪಕ್ಕ ಬಿಟ್ಟಿದ್ದ ಜೋಡುಗಳನ್ನು ಒಂದೊಂದಾಗಿ ತಿರುವಿ ನೋಡಿ ಇಡೀ ಮನೆಯ ಜಾತಕ ಓದಿಬಿಟ್ಟಿದ್ದಳು.

“ಯೋಗ್ಯಾ, ನಿನ್ನ ಬೂಟಿನ ಹಿಮ್ಮಡ ಹೊರಗ ಸವದೈತಿ. ಓಡೂದು ಭಾಳ ಆತು ನಿಂದು. ಅರುಂಧತೀದು ಮುಂಗಾಲಿನಾಗ ಸವದೈತಿ. ದಿನಾ ಕುಕ್ಕರಗಾಲಿಲೆ ಕೂಡತೀಯೇನವಾ?”

ಸೊಸೆ ಅರುಂಧತಿ ಬೆರಗಾದಳು. ಬೆಂಗಳೂರಿನ ಹುಡುಗಿ, ಇಲ್ಲಿ ಚೈಲ್ಡ್‌ಕೇರ್‌ನಲ್ಲಿ ಕೆಲಸ. ದಿನಕ್ಕೆ ಎಂಟು ತಾಸು ಮಕ್ಕಳೆದುರು ಕುಕ್ಕರಿಸುವುದೇ ಅವಳ ಬದುಕು. “ಹೌದು ಅತ್ತೆ! ಅದ್ಹೇಗೆ ಗೊತ್ತಾಯ್ತು ನಿಮಗೆ?”

“ಈ ಹುಡುಗೀದು ನೋಡು,” ಎಂದು ದ್ಯಾಮವ್ವ ಮೊಮ್ಮಗಳು ಸಿಂಚನಾಳ ಕ್ಯಾನ್ವಾಸ್ ಶೂ ಎತ್ತಿ ಹಿಡಿದಳು. “ಸುತ್ತೂ ಸಮ ಸವದೈತಿ. ನಡಿಗಿ ನೆಟ್ಟಗೈತಿ. ದೂರ ಹೋಗಾಕಿ ಇಕಿ.”

ಮಗ ಯೋಗೀಶನಿಗೆ ಮಾತ್ರ ಇದು ಹಿಡಿಸಲಿಲ್ಲ. “ಅವ್ವಾ, ಮನ್ಯಾಗ ಅಂದಿ, ಸಾಕು. ಹೊರಗಿನವರು ಬಂದಾಗ ಅವರ ಚಪ್ಪಲಿ ಮುಟ್ಟಬ್ಯಾಡ.”

“ಯಾಕ?”

“ಬ್ಯಾಡ ಅಂದ್ರ ಬ್ಯಾಡ.”

ಯಾಕೆಂದು ದ್ಯಾಮವ್ವನಿಗೆ ಗೊತ್ತಿತ್ತು. ಹದಿನಾರು ವರ್ಷದಿಂದ ಇಲ್ಲಿರುವ ಮಗ, ಪರಿಚಯದ ಕನ್ನಡದವರಿಗೆಲ್ಲ ‘ಊರಲ್ಲಿ ನಮ್ಮದು ಲೆದರ್ ಎಕ್ಸ್‌ಪೋರ್ಟ್’ ಎಂದು ಹೇಳಿಟ್ಟಿದ್ದ. ಆ ಎಕ್ಸ್‌ಪೋರ್ಟ್ ಕಂಪನಿ ಎಂದರೆ ಒಂದು ತಗಡಿನ ಚಪ್ಪರ, ಚರ್ಮ ಬಡಿಯುವ ಒಂದು ಕಲ್ಲು, ಗಂಡ ಕತ್ತರಿಸಿ ಕೊಟ್ಟ ಅಡಿಯ ಅಟ್ಟೆ, ದ್ಯಾಮವ್ವ ಹೆಣೆದ ಮೇಲಿನ ಜಡೆಪಟ್ಟಿ. ಗಂಡ ತೀರಿಕೊಂಡ ಮೇಲೆ ಅಟ್ಟೆಯೂ ಅವಳದೇ, ಜಡೆಯೂ ಅವಳದೇ. ಯೋಗೀಶ ಓದಿದ್ದು, ಇಂಜಿನಿಯರ್ ಆದದ್ದು ಆ ಚಪ್ಪರದ ಕೆಳಗೇ.

ಬರುವಾಗ ಅವನಿಗೆಂದು ಒಂದು ಜೊತೆ ಚಪ್ಪಲಿ ಮಾಡಿ ತಂದಿದ್ದಳು. ನಡೆದರೆ ಕರ್ ಕರ್ ಎನ್ನುವಂಥದ್ದು. ಕಣ್ಣು ಮಂಜಾಗುತ್ತಿದ್ದುದರಿಂದ ಇದೇ ಕಡೆಯದೆಂದು ಮೂರು ವಾರ ಕೂತು ಹೆಣೆದದ್ದು. ಅವನು “ಚಂದ ಅದಾವು” ಎಂದು ಡಬ್ಬಿ ಸಮೇತ ವಾರ್ಡ್‌ರೋಬಿನ ಮೇಲಿಟ್ಟ. ಇಟ್ಟದ್ದು ಅಲ್ಲೇ ಇತ್ತು. ಚರ್ಮ ಚುಚ್ಚುವ ಆರಿ, ಸೂಜಿ, ದಾರ ಇದ್ದ ಅವಳ ತಗಡಿನ ಡಬ್ಬಿಗೂ ಅದೇ ಗತಿ. “ಇಲ್ಲಿ ಅದರ ಕೆಲಸ ಇಲ್ಲವ್ವಾ, ಹೊರಗ ತಗೀಬ್ಯಾಡ.” ದ್ಯಾಮವ್ವ ರೊಟ್ಟಿ ಬಡಿದಳು, ಬಟ್ಟೆ ಮಡಚಿದಳು, ಕೈ ಖಾಲಿಯಾದಾಗ ಕಿಟಕಿಯಲ್ಲಿ ನಿಂತು ದಾರಿಹೋಕರ ಕಾಲು ನೋಡಿದಳು.

ಅಕ್ಟೋಬರಿನ ಒಂದು ಸಂಜೆ ಎಣ್ಣೆಗಾಯಿಗೆ ರೊಟ್ಟಿ ಅದ್ದುತ್ತಿರುವಾಗ ಸಿಂಚನಾ ಸುದ್ದಿ ಒಡೆದಳು. ಯೂನಿವರ್ಸಿಟಿಯಿಂದ ಇಬ್ಬರನ್ನು ಆರಿಸಿದ್ದಾರೆ, ಅದರಲ್ಲಿ ತಾನೊಬ್ಬಳು. ಜನವರಿಯಿಂದ ನಾಲ್ಕು ತಿಂಗಳು ಕೆನಡಾ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ನಿಂತು ಮಂಜುಗಡ್ಡೆ ಕೊರೆದು ಕೆಳಗಿನ ನೀರು ಪರೀಕ್ಷಿಸುವ ಕೆಲಸ.

“ಅಲ್ಲಿ ಚಳಿ ಎಷ್ಟು?” ಯೋಗೀಶ ಕೇಳಿದ.

“ಮೈನಸ್ ಥರ್ಟಿ. ಸಮ್‌ಟೈಮ್ಸ್ ಫಾರ್ಟಿ.”

“ಬ್ಯಾಡ.”

“ಅಪ್ಪಾ!”

“ನಾ ದಿನಾ ಮೈನಸ್ ಇಪ್ಪತ್ತೈದರಾಗ ಹೊಕ್ಕು ಬರಾವ. ಚಳಿ ಅಂದ್ರ ಏನು ಅಂತ ನನಗ ಹೇಳಿಕೊಡಬ್ಯಾಡ.” ಅದು ಸುಳ್ಳಲ್ಲ. ಡ್ಯಾಂಡಿನಾಂಗ್‌ನ ಒಂದು ಕೋಲ್ಡ್ ಸ್ಟೋರ್‌ನಲ್ಲಿ ತಂಪು ಯಂತ್ರಗಳ ಇಂಜಿನಿಯರ್ ಅವನು. ಮೀನು, ಮಾಂಸ, ಬಟಾಣಿ ಎಲ್ಲ ಕಲ್ಲಾಗಿ ಮಲಗಿರುವ ಗೋದಾಮು.

ಅರುಂಧತಿ ಪಲ್ಯದ ಪಾತ್ರೆ ಟೇಬಲಿನ ಮೇಲೆ ಕುಕ್ಕಿದಳು. “ಇಬ್ಬರಲ್ಲಿ ಒಬ್ಬಳಾಗಿ ಸೆಲೆಕ್ಟ್ ಆಗಿದ್ದಾಳೆ ರೀ. ಮೊದಲು ಕಂಗ್ರಾಟ್ಸ್ ಹೇಳಿ, ಆಮೇಲೆ ಜಗಳ ಆಡಿ.”

ಸಿಂಚನಾ ಒಂದು ಹಾಳೆ ಮುಂದಿಟ್ಟಳು. ಬಟ್ಟೆಯನ್ನೆಲ್ಲ ಅವರೇ ಕೊಡುತ್ತಾರೆ, ಬೂಟು ಮಾತ್ರ ಅವರವರದೇ. ಬೆಚ್ಚಗಿರಬೇಕು, ಒಂದು ಹನಿ ನೀರೂ ಒಳಗಿಳಿಯಬಾರದು. ಮೊದಲ ದಿನ ಪ್ರೊಫೆಸರ್ ಎಲ್ಲರ ಬೂಟು ಪರೀಕ್ಷಿಸುತ್ತಾರೆ. ಸರಿಯಿಲ್ಲದವರಿಗೆ ಕೆರೆ ಇಲ್ಲ, ನಾಲ್ಕು ತಿಂಗಳೂ ಲ್ಯಾಬಿನಲ್ಲಿ ಬಾಟಲಿ ತೊಳೆಯುವುದೇ ಗತಿ.

ಯೋಗೀಶ ಹಾಳೆಯನ್ನು ಎರಡು ಸಲ ಓದಿದ. ಅಂಥ ಬೂಟು ಸಿಕ್ಕರೆ ನೋಡೋಣ, ಇಲ್ಲವಾದರೆ ಇಲ್ಲ ಎಂದ. ಆಗ ದ್ಯಾಮವ್ವ ತಾಟಿನಿಂದ ಕೈ ಎತ್ತಿದಳು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವಳ ದನಿಗೆ ಅಥಣಿಯ ಚಪ್ಪರದ ಗತ್ತು ಬಂದಿತ್ತು. “ಕಾಲಿನ ಮಾತು ನನಗ ಬಿಡ್ರಿ. ನಾ ಆರಿಸಿಕೊಡತೀನಿ.”

ಇಲ್ಲಿ ಬೇಸಿಗೆ ಶುರುವಾಗುವ ನವೆಂಬರಿನ ಸೆಕೆಯಲ್ಲಿ ಹಿಮದ ಬೂಟು ಹುಡುಕುವುದೆಂದರೆ ಹೋಳಿ ಮುಗಿದ ತಿಂಗಳಿಗೆ ಬಣ್ಣ ಕೇಳಿದ ಹಾಗೆ. ಸಿಟಿಯಲ್ಲಿ ಒಂದೇ ಒಂದು ಸ್ಕೀ ಅಂಗಡಿ ಹಳೆಯ ಸ್ಟಾಕ್ ಕಡಿಮೆ ಬೆಲೆಗೆ ಖಾಲಿ ಮಾಡುತ್ತಿತ್ತು. ಮೂವರು ಹೆಂಗಸರೂ ಟ್ರೇನಿನಲ್ಲಿ ಹೋದರು.

ಅಂಗಡಿಯಲ್ಲಿ ದ್ಯಾಮವ್ವ ಮಾಡಿದ ದರ್ಬಾರು ನೋಡಬೇಕಿತ್ತು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತುಬಿಟ್ಟಳು. ಒಂದೊಂದೇ ಬೂಟು ತರಿಸಿಕೊಂಡು ಮೂಸಿದಳು, ಅಟ್ಟೆ ಬಗ್ಗಿಸಿದಳು, ಹೊಲಿಗೆಯ ಮೇಲೆ ಉಗುರಾಡಿಸಿದಳು. “ಇದು ಅಂಟಿಸಿದ್ದು, ಹೊಲದದ್ದಲ್ಲ. ತಗಿ. ಇದು ಚರ್ಮ ಅಲ್ಲ, ಚರ್ಮದ ವೇಷ. ತಗಿ.” ಸಿಂಚನಾ ಇಂಗ್ಲಿಷಿಗೆ ತಿರುಗಿಸಿದಂತೆಲ್ಲ ಅಂಗಡಿಯ ಹುಡುಗಿಯ ಕಣ್ಣು ದೊಡ್ಡದಾಯಿತು. ಎಂಟನೆಯ ಜೊತೆಯನ್ನು ದ್ಯಾಮವ್ವ ಎದೆಗವಚಿಕೊಂಡಳು. ಗಟ್ಟಿ ಚರ್ಮ, ಎರಡೆಳೆ ಹೊಲಿಗೆ, ಒಳಗೆಲ್ಲ ಉಣ್ಣೆ.

“ಅಜ್ಜಿ, ಒಂದು ಸೈಜ್ ದೊಡ್ಡದು ತಗೊಳ್ಳಿ ಅಂತಾಳೆ ಈ ಹುಡುಗಿ. ನಂಗೂ ಟೈಟ್ ಅನ್ನಿಸ್ತಿದೆ. ಬೆರಳು ಅಲ್ಲಾಡ್ತಿಲ್ಲ.”

“ಇವತ್ತ ಅಲ್ಲಾಡಿದ್ರ ನಾಳೆ ಜಾರತಾವು. ಚರ್ಮ ಅಂದ್ರ ಹೊಸಾ ಸೊಸಿ ಇದ್ದಂಗ, ಮೊದಲು ಬಿಗೀನ ಇರತೈತಿ. ಎಂಟು ದಿನಕ್ಕ ಕಾಲಿನ ಮಾತು ಕೇಳತೈತಿ.”

“ಯಾರು ಕೇಳ್ತಾರೋ ಏನೋ,” ಎಂದು ಅರುಂಧತಿ ನಕ್ಕು ದುಡ್ಡು ಕೊಟ್ಟಳು. ರಿಯಾಯಿತಿ ಮಾಲು, ವಾಪಸ್ ಇಲ್ಲ ಎಂದು ಬಿಲ್ಲಿನ ಮೇಲೆ ಮುದ್ರೆ ಬಿತ್ತು. ಸಿಂಚನಾ ಡಬ್ಬಿ ಎತ್ತಿಕೊಂಡಳು. ಇಡೀ ಅಂಗಡಿ ಅಜ್ಜಿಯನ್ನು ನಿಂತು ನೋಡಿದ್ದು ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಬೆರಳಿನ ನೋವನ್ನು ಅವಳು ಟ್ರೇನಿನಲ್ಲೇ ಮರೆತಳು.

ಯೋಗೀಶ ಬಾಯಿಮಾತು ನಂಬುವವನಲ್ಲ, ಮೀಟರ್ ನಂಬುವವನು. ಮ್ಯಾನೇಜರನ ಒಪ್ಪಿಗೆ ಪಡೆದು ಒಂದು ಶನಿವಾರ ಮಗಳನ್ನೂ ಅವ್ವನನ್ನೂ ಕೋಲ್ಡ್ ಸ್ಟೋರ್‌ಗೆ ಕರೆದೊಯ್ದ. ಹೊರಗೆ ಮೂವತ್ತನಾಲ್ಕು ಡಿಗ್ರಿ ಬಿಸಿಲು. ಒಳಗೆ ಪ್ಲಾಸ್ಟಿಕ್ ಪರದೆಯಾಚೆ ಮೈನಸ್ ಇಪ್ಪತ್ತೈದು. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಹರ್ಮನ್ ಎಂಬಾತ ಇದ್ದ, ಮಂಗಳೂರು ಕಡೆಯವನು, ಎಂಟು ವರ್ಷದಿಂದ ಆ ಚಳಿಯಲ್ಲೇ ಅನ್ನ ಹುಟ್ಟಿಸಿಕೊಂಡವನು.

ದಪ್ಪ ಜಾಕೆಟ್ಟು, ಎರಡು ಜೊತೆ ಕಾಲುಚೀಲ, ಹೊಸ ಬೂಟು ತೊಟ್ಟು ಸಿಂಚನಾ ಒಳಗೆ ಹೋದಳು. ಒಂದು ತಾಸು ನಿಲ್ಲಬೇಕೆಂದು ಮಾತು. ದ್ಯಾಮವ್ವ ಹೊರಗೆ ಸ್ಟೂಲಿನ ಮೇಲೆ ಪರೀಕ್ಷೆಗೆ ಮಗು ಕಳಿಸಿದವಳಂತೆ ಕೂತಿದ್ದಳು. ಇಪ್ಪತ್ತು ನಿಮಿಷಕ್ಕೇ ಹರ್ಮನ್ ಹುಡುಗಿಯ ತೋಳು ಹಿಡಿದು ಹೊರಗೆ ಕರೆತಂದ.

“ಅಜ್ಜಿ, ಐ ಕಾಂಟ್ ಫೀಲ್ ಮೈ ಟೋಸ್.”

ಬೂಟು ಕಿತ್ತರೆ ಬೆರಳುಗಳು ಸುಣ್ಣದಂತೆ ಬಿಳಿಚಿದ್ದವು. ದ್ಯಾಮವ್ವ ಗಾಬರಿಯಿಂದ ತಿಕ್ಕಲು ಹೋದಳು. ಹರ್ಮನ್ ತಡೆದ. “ತಿಕ್ಕಬೇಡಿ ಅಮ್ಮ, ತಿಕ್ಕಬಾರದು. ಅಂಗೈಯಲ್ಲಿ ಹಿಡಿದುಕೊಳ್ಳಿ ಸಾಕು, ತನ್ನಿಂದ ತಾನೇ ಬಿಸಿ ಆಗ್ತದೆ.”

ಅವಳು ಮೊಮ್ಮಗಳ ಪಾದಗಳನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಎಷ್ಟೋ ಸಾವಿರ ಕಾಲುಗಳ ಅಳತೆ ತೆಗೆದ ಕೈಗಳು ಅವು. ಇಷ್ಟು ತಣ್ಣಗಿನ ಕಾಲನ್ನು ಯಾವತ್ತೂ ಮುಟ್ಟಿರಲಿಲ್ಲ.

“ಬೂಟು ಒಳ್ಳೆಯದೇ ಉಂಟು,” ಹರ್ಮನ್ ಮೆಲ್ಲಗೆ ಹೇಳಿದ. “ಆದ್ರೆ ಬಿಗಿ ಆಯ್ತು. ಅದರ ಮೇಲೆ ಎರಡು ಚೀಲ ಬೇರೆ ತುರುಕಿದ್ದೀರಿ. ರಕ್ತ ಓಡುವುದು ಹೇಗೆ? ಚಳಿ ತಡೆಯುವುದು ಚರ್ಮ ಅಲ್ಲಮ್ಮ, ಒಳಗೆ ನಿಂತ ಗಾಳಿ.”

ಮನೆಗೆ ಬಂದ ಮೇಲೆ ಯೋಗೀಶ ಕೂಗಾಡಿದ. “ಅಂಗಡಿಯಾಕಿ ದೊಡ್ಡದು ತಗೋ ಅಂದ್ರ ಕೇಳಿಲ್ಲ ನೀನು. ನಿಂದು ಅಥಣಿ ಲೆಕ್ಕ. ಚಪ್ಪಲಿ ಬ್ಯಾರೆ, ಇದು ಬ್ಯಾರೆ. ಸಾಕು, ಕೆನಡಾ ಇಲ್ಲ, ಏನೂ ಇಲ್ಲ!”

“ಕೂಗಬೇಡಿ ರೀ, ನಾನೂ ಅಲ್ಲೇ ಇದ್ದೆನಲ್ಲ,” ಎಂದಳು ಅರುಂಧತಿ.

“ಸೊಸೀದು ಏನೂ ಇಲ್ಲ.” ದ್ಯಾಮವ್ವ ಎದ್ದು ನಿಂತಳು. “ತಪ್ಪು ನಂದು. ಬಿಗಿ ಇರಲಿ ಅಂದಾಕಿ ನಾನು. ಐವತ್ತು ವರ್ಷ ಅದನ್ನ ಹೇಳೀನಿ, ಅದನ್ನ ಮಾಡೀನಿ. ಈ ಚಳಿ ನನಗ ಗೊತ್ತಿರಲಿಲ್ಲ. ಹುಡುಗಿ ಬೆರಳು ಹೋಗತಿದ್ದೂವು ಇವತ್ತ.” ಅಷ್ಟು ಹೇಳಿ ಕೋಣೆಗೆ ಹೋದಳು. ಕಾಲಿನ ವಿಷಯದಲ್ಲಿ ಅವಳು ಸೋತದ್ದು ಅದೇ ಮೊದಲು. ಎರಡು ದಿನ ರೊಟ್ಟಿ ಬಡಿಯುವ ಸದ್ದು ಆ ಮನೆಯಲ್ಲಿ ಕೇಳಲಿಲ್ಲ.

ಆದರೆ ಮುಖ ಮುಚ್ಚಿಕೊಂಡು ಮಲಗುವ ಜೀವ ಅದಲ್ಲ. ಮೂರನೆಯ ದಿನ ಬೆಳಿಗ್ಗೆ ಮಗ ಬೂಟು ಕಟ್ಟುತ್ತಿರುವಾಗ ಎದುರು ಬಂದು ನಿಂತಳು. “ಆ ಮಂಗಳೂರು ಮನಶಾನ್ನ ಐತವಾರ ಊಟಕ್ಕ ಕರಿ. ಅವನ ಹಳೇ ಬೂಟು ಇದ್ರ ತರಾಕ ಹೇಳು. ಹರಿದಿದ್ರೂ ನಡೀತೈತಿ. ಹರಿದಿದ್ರ ಇನ್ನೂ ಚಲೋ.”

ಯೋಗೀಶ ಲಾಡಿ ಬಿಗಿದು ಎದ್ದ. ಅವ್ವನ ಮುಖ ನೋಡಿ, “ಹೇಳತೀನಿ,” ಎಂದ.

ಭಾನುವಾರ ಹರ್ಮನ್ ಚರ್ಚ್ ಮುಗಿಸಿ ಬಂದ. ಹೆಂಡತಿ ಇಡಾ ಕೊಟ್ಟು ಕಳಿಸಿದ ಒಂದು ಡಬ್ಬಿ ಸಣ್ಣ ಮೀನಿನ ಉಪ್ಪಿನಕಾಯಿ, ಒಂದು ಜೊತೆ ಸವೆದ ಬೂಟು. ಊಟಕ್ಕೆ ಮೊದಲೇ ದ್ಯಾಮವ್ವ ಹಿತ್ತಿಲ ಮೆಟ್ಟಿಲ ಮೇಲೆ ಪೇಪರ್ ಹಾಸಿ, ಮಗ ಬೇಡವೆಂದಿದ್ದ ಡಬ್ಬಿ ತೆರೆದಳು. ಅರ್ಧ ತಾಸಿನಲ್ಲಿ ಬೂಟು ಪದರ ಪದರವಾಗಿ ಬಿಚ್ಚಿ ಬಿದ್ದಿತ್ತು, ಹಲಸಿನ ಹಣ್ಣು ಬಿಡಿಸಿದ ಹಾಗೆ.

“ಕೆಳಗೆಲ್ಲ ರಬ್ಬರ್. ಯಾಕ?”

“ಐಸ್ ಮೇಲೆ ನೀರು ನಿಲ್ತದಲ್ಲ ಅಮ್ಮ. ಚರ್ಮ ಎಷ್ಟು ಹೊತ್ತು ತಡೀತದೆ? ಕೆಳಗೆ ರಬ್ಬರ್, ಮೇಲೆ ಚರ್ಮ.”

“ಒಳಗ ಈ ಕಂಬಳಿ ಚೀಲ? ಕೈಗೇ ಬಂತಲ್ಲ!”

“ತೆಗೆಯುವ ಹಾಗೇ ಮಾಡಿದ್ದು. ಬೆವರಿ ಒದ್ದೆ ಆಗ್ತದೆ. ಮನೆಗೆ ಬಂದ ಕೂಡಲೇ ತೆಗೆದು ಒಣಗಿಸಬೇಕು. ಒದ್ದೆ ಕಂಬಳಿ ಹಾಕಿ ಹೋದವನು ಕಾಲು ಬಿಟ್ಟು ಬಂದ ಹಾಗೆ.”

“ಹತ್ತಿ ಕಾಲುಚೀಲ?”

“ಬೇಡವೇ ಬೇಡ. ಉಣ್ಣೆಯದು, ಒಂದೇ ಜೊತೆ. ಮುಂದೆ ಬೆರಳು ಆಡಲಿಕ್ಕೆ ಜಾಗ ಇರಬೇಕು.”

ದ್ಯಾಮವ್ವ ಬೂಟಿನ ನಾಲಿಗೆ ಎತ್ತಿ ನೋಡಿದಳು. ಅದು ಎರಡೂ ಪಕ್ಕ ಒಂದು ಮಡಿಕೆಯಿಂದ ಬೂಟಿಗೇ ಹೊಲಿದುಕೊಂಡಿತ್ತು, ಲಾಡಿಯ ಸಂದಿನಿಂದಲೂ ನೀರು ಇಳಿಯದ ಹಾಗೆ. ಆ ಮಡಿಕೆಯನ್ನು ಬಿಸಿಲಿಗೆ ಹಿಡಿದು ಅವಳು ಬಹಳ ಹೊತ್ತು ನೋಡಿದಳು. “ಜಾಣ ಅದಾನ ಇದನ್ನ ಮಾಡಿದಾವ. ನಮ್ಮಂಥಾವ ಯಾವನೋ. ಹರ್ಮನ್ನಪ್ಪಾ, ನೀ ನನ್ನ ಕಣ್ಣು ತೆರಿಸಿದಿ.” ಆ ದಿನ ಅವಳು ಇಪ್ಪತ್ತು ರೊಟ್ಟಿ ಬಡಿದು ಹರ್ಮನ್‌ಗೆ ಬಲವಂತ ಮಾಡಿ ಐದು ತಿನ್ನಿಸಿದಳು. ಅಜ್ಜಿ ಕೇಳಿದ್ದಕ್ಕೆ ಸಿಂಚನಾ ಡ್ಯಾಂಡಿನಾಂಗ್ ಮಾರ್ಕೆಟ್ಟಿನ ಜೇನು ಮಾರುವವನಿಂದ ಒಂದು ಉಂಡೆ ಮೇಣ ತಂದುಕೊಟ್ಟಳು. ಯಾಕೆಂದು ಅಜ್ಜಿ ಹೇಳಲಿಲ್ಲ. ಮೇಣವಿಲ್ಲದ ಡಬ್ಬಿ ಉಪ್ಪಿಲ್ಲದ ಅಡುಗೆ ಎಂದಳು, ಅಷ್ಟೆ.

ಈಗ ಏನು ಬೇಕೆಂದು ಗೊತ್ತಿತ್ತು, ಸಿಗುವುದೊಂದು ಬಾಕಿ. ಅರುಂಧತಿ ಲಂಚ್ ಬ್ರೇಕಿನಲ್ಲೆಲ್ಲ ಫೋನ್ ಹಿಡಿದು ಕೂತಳು. ಮೆಲ್ಬರ್ನಿನ ಈ ತುದಿಯ ವೆರಿಬೀಯಿಂದ ಆ ತುದಿಯ ಕ್ರೇಗಿಬರ್ನ್‌ವರೆಗೆ ಯಾವ ಅಂಗಡಿಯಲ್ಲೂ ಅಂಥ ಬೂಟಿಲ್ಲ. ಕೊನೆಗೆ ಸಿಡ್ನಿಯ ಒಂದು ಅಂಗಡಿಯಲ್ಲಿ, ಸಿಂಚನಾಳ ಅಳತೆಗಿಂತ ಒಂದು ಸೈಜ್ ದೊಡ್ಡದು, ಒಂದೇ ಒಂದು ಜೊತೆ ಉಳಿದಿತ್ತು. ಫ್ಲೈಟ್ ಹೇಗೂ ಸಿಡ್ನಿಯಿಂದಲೇ.

“ನೋಡೋಣ,” ಎಂದ ಯೋಗೀಶ. “ಅದೂ ಸರಿ ಇಲ್ಲಂದ್ರ ಅಲ್ಲಿಂದ ಎಲ್ಲಾರೂ ಮನಿಗೆ ವಾಪಸ್.”

ಡಿಸೆಂಬರಿನ ಕೊನೆಯ ಶನಿವಾರ, ಹತ್ತು ತಾಸು ಕಾರಿನಲ್ಲಿ ಕೂತು, ಶೇಂಗಾ ಹಿಂಡಿ ಚಪಾತಿ ತಿಂದು, ನಾಲ್ವರೂ ಸಿಡ್ನಿ ಸೇರಿದರು. ಅಂಗಡಿ ಬಾಗಿಲು ಹಾಕಲು ಕಾಲು ತಾಸಿದ್ದಾಗ ಬೂಟು ಕೈಗೆ ಬಂತು. ಇಳಿದುಕೊಂಡದ್ದು ಅಲ್ಲಿನ ಟೂಂಗಾಬಿ ಬಡಾವಣೆಯಲ್ಲಿ, ಯೋಗೀಶನ ಹಳೆಯ ಸಹೋದ್ಯೋಗಿ ಮೂರ್ತಿಯ ಮನೆಯಲ್ಲಿ. ಮೂರ್ತಿ, ಅವನ ಹೆಂಡತಿ ಜಯಲಕ್ಷ್ಮಿ ಇಬ್ಬರೂ ಮೈಸೂರಿನವರು. ಸಿಂಚನಾಳನ್ನು ಹರಸಲೆಂದು ಅವರು ಇನ್ನೆರಡು ಕುಟುಂಬಗಳನ್ನೂ ಬಿಸಿಬೇಳೆ ಬಾತಿಗೆ ಕರೆದಿದ್ದರು.

ಸಿಂಚನಾ ಬೂಟು ತೊಟ್ಟು ಓಡಾಡಿದಳು. ಬೆರಳು ಆಡುತ್ತಿತ್ತು, ಹಿಮ್ಮಡಿ ಜಾರಲಿಲ್ಲ. ಎಲ್ಲರೂ ಭೇಷ್ ಎಂದರು. ದ್ಯಾಮವ್ವ ಮಾತ್ರ ಜಯಲಕ್ಷ್ಮಿಯ ಕಿವಿಯಲ್ಲಿ ಕೇಳಿದಳು, “ಜಳಕದ ಮನ್ಯಾಗ ಆ ದೊಡ್ಡ ತೊಟ್ಟಿ ಐತೆಲ್ಲ, ಅದಕ್ಕ ಗೇಣುದ್ದ ನೀರು ಬಿಡತೀಯೇನವಾ?”

ಎರಡೂ ಬೂಟಿನೊಳಗೆ ಪೇಪರ್ ಉಂಡೆ ತುರುಕಿ, ಮೇಲೆ ಭಾರ ಇಟ್ಟು, ನಾಲಿಗೆಯ ಬುಡ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿದಳು. ಹೊರಗೆ ಮಾತು, ನಗು, ಬಾತಿನ ಘಮ. ಅರ್ಧ ತಾಸಿನ ನಂತರ ತೆಗೆದರೆ ಬಲಗಾಲಿನ ಪೇಪರ್ ಗರಿಗರಿ ಒಣಗಿತ್ತು. ಎಡಗಾಲಿನದು ಒಂದು ಮೂಲೆಯಲ್ಲಿ ಒದ್ದೆ. ನಾಲಿಗೆಯ ಮಡಿಕೆಯ ಬುಡದಲ್ಲಿ ಯಂತ್ರ ನಾಲ್ಕು ಹೊಲಿಗೆ ಹಾರಿಸಿತ್ತು.

ಸಿಂಚನಾಳ ಮುಖ ಬಾಡಿತು. “ಶಾಪ್ ಕ್ಲೋಸ್ಡ್. ನಾಳೆ ಮಧ್ಯಾಹ್ನ ಫ್ಲೈಟ್.”

“ಹೇಳಿದ್ದೆನಲ್ಲ,” ಎಂದ ಯೋಗೀಶ. ಆದರೆ ಆ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಮಗಳ ಕಣ್ಣಲ್ಲಿ ನೀರು ಕಂಡು ಅವನು ಪಕ್ಕಕ್ಕೆ ತಿರುಗಿದ.

ದ್ಯಾಮವ್ವ ಆಗಲೇ ಕೈಚೀಲದಿಂದ ತಗಡಿನ ಡಬ್ಬಿ ತೆಗೆದಿದ್ದಳು. ಚಪಾತಿ ಡಬ್ಬಿಯ ಅಡಿಯಲ್ಲಿ ಅದನ್ನು ಸಿಡ್ನಿವರೆಗೆ ಸಾಗಿಸಿದ್ದಳು ಮಹಾತಾಯಿ. ನೆಟ್ಟಗೆ ನಡುಮನೆಗೆ ಹೊರಟಳು.

ಯೋಗೀಶ ದಾರಿಗೆ ಅಡ್ಡ ಬಂದು ಪಿಸುಗುಟ್ಟಿದ, “ಅವ್ವಾ, ಅಲ್ಲಿ ಬ್ಯಾಡ. ಎಲ್ಲಾರೂ ಉಣ್ಣಾಕತ್ತಾರ. ಗರಾಜಿನ್ಯಾಗ ಕೂಡು, ನಾ ಲೈಟ್ ಹಾಕಿಕೊಡತೀನಿ.”

“ಗರಾಜಿನ್ಯಾಗ ಬಿಸಿಲು ಬರತೈತೇನು? ನನ್ನ ಕಣ್ಣಿಗೆ ಬಿಸಿಲು ಬೇಕು. ಪಡುವಣ ಕಿಟಕಿ ಇರೂದು ಅಲ್ಲಿ.” ಅವಳು ಮಗನ ಮುಖವನ್ನೇ ನೋಡಿದಳು. “ನಿನಗ ನಾಚಿಕಿ ಆದ್ರ ನೀ ಗರಾಜಿನ್ಯಾಗ ಕೂಡು, ತಮ್ಮಾ. ನಾ ಹುಡುಗಿ ಕಾಲು ನೋಡತೀನಿ.”

ಬೇಸಿಗೆಯ ಸಂಜೆ, ಏಳು ಗಂಟೆಯಾದರೂ ಬಿಸಿಲಿದ್ದ ಕಿಟಕಿಯ ಕೆಳಗೆ ಪೇಪರ್ ಹಾಸಿಕೊಂಡು ಕೂತಳು. ಬೂಟನ್ನು ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು. ಮಾತು ಒಂದೊಂದಾಗಿ ನಿಂತಿತು. ಅತಿಥಿಯೊಬ್ಬರು ತಟ್ಟೆಯನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡದ್ದು ದ್ಯಾಮವ್ವನ ಕಣ್ಣಿಗೆ ಬಿತ್ತು. ಅಂಥದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು, ಸೂಜಿ ಎತ್ತಿಕೊಂಡಳು. ಆದರೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಮಂಜುಗಣ್ಣಿಗೆ ಸೂಜಿಯ ಕಣ್ಣು ಸಿಗಲೊಲ್ಲದು.

ಆಗ ಯಾರೋ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಯೋಗೀಶ. ಇಸ್ತ್ರಿ ಪ್ಯಾಂಟಿನಲ್ಲೇ. ಅವಳ ಕೈಯಿಂದ ದಾರ ತೆಗೆದುಕೊಂಡು, ಮೇಣದ ಉಂಡೆಗೆ ಒತ್ತಿ, ಸರ್ರನೆ ಎಳೆದ. ಇನ್ನೊಮ್ಮೆ ಎಳೆದ. ತುದಿಯನ್ನು ಹೆಬ್ಬೆರಳಲ್ಲಿ ಹೊಸೆದು ಮೊನೆ ಮಾಡಿ, ಎರಡು ತುದಿಗೂ ಎರಡು ಸೂಜಿ ಪೋಣಿಸಿ ಕೊಟ್ಟ. ಮೂವತ್ತು ವರ್ಷದ ಹಿಂದೆ ಶಾಲೆಯಿಂದ ಬಂದವನೇ ಪಾಟೀಚೀಲ ಬಿಸಾಕಿ ಮಾಡುತ್ತಿದ್ದ ಕೆಲಸ. ಬೆರಳುಗಳು ಒಂದನ್ನೂ ಮರೆತಿರಲಿಲ್ಲ.

“ಹಳೇ ತೂತಿನ್ಯಾಗ ಹೊಲಿ ಅವ್ವಾ. ಹೊಸಾ ತೂತು ಬಿದ್ರ ಅಲ್ಲೂ ನೀರು ಇಳಿತೈತಿ.”

“ನನಗ ಕಲಸ್ತೀಯೇನು?” ಎಂದಳು. ಹಳೇ ತೂತಿನಲ್ಲೇ ಸೂಜಿ ಇಳಿಸಿದಳು.

ಮೂರ್ತಿ ಸೋಫಾದಿಂದ ಬಗ್ಗಿ ನೋಡಿದ. “ಯೋಗೀಶ್, ನಿಮಗೂ ಬರುತ್ತಾ ಇದೆಲ್ಲ? ಲೆದರ್ ಎಕ್ಸ್‌ಪೋರ್ಟ್ ಅಂತಿದ್ರಿ...”

ಯೋಗೀಶ ಬೂಟನ್ನು ಗಟ್ಟಿ ಹಿಡಿದುಕೊಂಡೇ ತಲೆ ಎತ್ತಿದ. ಕಿವಿ ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. “ಎಕ್ಸ್‌ಪೋರ್ಟ್ ಎಲ್ಲ ಸುಳ್ಳು ಮೂರ್ತಿ. ನಮ್ಮಮ್ಮ ಚಪ್ಪಲಿ ಹೊಲೀತಿದ್ರು. ನಾನು ದಾರಕ್ಕೆ ಮೇಣ ತಿಕ್ಕಿ ಕೊಡ್ತಿದ್ದೆ. ಆ ಅಂಗಡಿಯಿಂದ ಎಕ್ಸ್‌ಪೋರ್ಟ್ ಆದ ಮಾಲು ಅಂದ್ರೆ ನಾನೊಬ್ಬನೇ.”

ಅರುಂಧತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಗಂಡನನ್ನೇ ನೋಡುತ್ತಿದ್ದಳು. ಮದುವೆಯಾದಾಗಲೂ ಅವನನ್ನು ಹಾಗೆ ನೋಡಿರಲಿಲ್ಲ. ಕೊನೆಗೆ ಜಯಲಕ್ಷ್ಮಿ ಒಳಗಿನಿಂದ ಟೇಬಲ್ ಲ್ಯಾಂಪ್ ತಂದು ದ್ಯಾಮವ್ವನ ಪಕ್ಕ ಇಟ್ಟಳು. “ಬೆಳಕು ಸಾಕಾಗುತ್ತಾ ಅಮ್ಮ? ಇನ್ನೇನಾದ್ರೂ ಬೇಕಾ?”

“ತಲಿ ಒಣಗಸೂ ಮಷೀನು ಐತೇನವಾ?”

ಹೊಲಿಗೆಯ ಮೇಲೆ ಒಳಗೂ ಹೊರಗೂ ಮೇಣ ತಿಕ್ಕಿ, ಹೇರ್ ಡ್ರೈಯರ್‌ನ ಬಿಸಿಗೆ ಕರಗಿಸಿ ಇಳಿಸಿದರು. ತಟ್ಟೆ ಎಳೆದುಕೊಂಡಿದ್ದ ಅತಿಥಿಯೂ ಬಗ್ಗಿ ನೋಡತೊಡಗಿದ್ದರು. ಬೂಟು ಮತ್ತೆ ತೊಟ್ಟಿಗಿಳಿಯಿತು, ಈ ಸಲ ಪೂರಾ ಒಂದು ತಾಸು. ಇಡೀ ಮನೆ ಬಚ್ಚಲಿನ ಬಾಗಿಲಲ್ಲಿ ಜಮಾಯಿಸಿತ್ತು. ಯೋಗೀಶನೇ ಕೈಹಾಕಿ ಪೇಪರ್ ಹೊರಗೆಳೆದ, ಬಿಡಿಸಿದ, ಕೆನ್ನೆಗೆ ಒತ್ತಿ ನೋಡಿದ.

“ಒಣಾ ಐತಿ,” ಎಂದ. ಆಮೇಲೆ ಮಗಳ ಕಡೆ ತಿರುಗಿ, “ಹೋಗಿ ಬಾ,” ಎಂದ.

ಎರಡು ವಾರ ಕಳೆದು, ಒಂದು ಬೆಳಿಗ್ಗೆ ಚಹಾ ಹೊತ್ತಿಗೆ ಫೋನ್ ಬಂತು.

“ಅಜ್ಜಿ! ಮೈನಸ್ ಥರ್ಟಿ ಸಿಕ್ಸ್. ಐದು ಗಂಟೆ ಐಸ್ ಮೇಲಿದ್ದೆ, ನೀರು ಮೇಲೆಲ್ಲ ಬಂತು. ಸಾಕ್ಸ್ ಡ್ರೈ! ಮೊದಲ ದಿನ ಪ್ರೊಫೆಸರ್ ಎಲ್ಲರ ಬೂಟ್ ಚೆಕ್ ಮಾಡಿದ್ರು. ನಂದು ಎಡಗಾಲಿನ ಸ್ಟಿಚ್ ನೋಡಿ, ಇದು ಮಷೀನ್ ಅಲ್ಲ, ಯಾರು ಮಾಡಿದ್ದು ಅಂದ್ರು.”

“ನೀ ಏನಂದಿ?”

“ಮೈ ಗ್ರ್ಯಾಂಡ್‌ಮದರ್. ಶೀ ಈಸ್ ಅ ಶೂಮೇಕರ್ ಅಂದೆ.”

“ಅಪ್ಪ ದಾರ ಪೋಣಿಸಿದ್ದು ಹೇಳಿದಿಯೋ ಇಲ್ಲೋ?” ಎಂದು ದ್ಯಾಮವ್ವ ಗದರಿದಳು. “ಮತ್ತ ಆ ಕಂಬಳಿ ಚೀಲ ದಿನಾ ಒಣಗಸು. ಹರ್ಮನ್ನಪ್ಪ ಹೇಳಿದ್ದು ಮರೀಬ್ಯಾಡ.”

ಆ ವಾರವೇ ಕನ್ನಡದವರ ಸಂಕ್ರಾಂತಿ ಕೂಟ, ಡ್ಯಾಂಡಿನಾಂಗ್‌ನ ಒಂದು ಹಾಲ್‌ನಲ್ಲಿ. ಅರುಂಧತಿ ಎಳ್ಳುಬೆಲ್ಲದ ಪೊಟ್ಟಣ ಕಟ್ಟಿದ್ದಳು. ದ್ಯಾಮವ್ವ ಸೀರೆ ಉಟ್ಟು ಬಾಗಿಲ ಬಳಿ ಬಂದಾಗ ಯೋಗೀಶ ಕುರ್ಚಿ ಹಾಕಿಕೊಂಡು ವಾರ್ಡ್‌ರೋಬಿನ ಮೇಲಿನ ಡಬ್ಬಿ ಇಳಿಸುತ್ತಿದ್ದ. ಧೂಳು ಊದಿ, ಚಪ್ಪಲಿ ತೆಗೆದು, ಜುಬ್ಬಾ ಪೈಜಾಮದ ಕೆಳಗೆ ಮೆಟ್ಟಿಕೊಂಡ. ಎರಡು ಹೆಜ್ಜೆ ಇಟ್ಟು ಮುಖ ಕಿವುಚಿದ.

“ಅವ್ವಾ, ಬಿಗಿ ಅದಾವು. ಕಚ್ಚಾಕತ್ತಾವು.”

ದ್ಯಾಮವ್ವ ಬಗ್ಗಿ ಹಿಮ್ಮಡಿಯ ಹಿಂದೆ ಹೆಬ್ಬೆರಳು ಒತ್ತಿ ನೋಡಿದಳು. ಅಳತೆ ಕರಾರುವಾಕ್ಕಾಗಿತ್ತು. ಅವನ ಹತ್ತೊಂಬತ್ತನೇ ವಯಸ್ಸಿನಲ್ಲಿ ತೆಗೆದ ಅಳತೆ, ನೆನಪಿನಿಂದಲೇ ಮಾಡಿದ್ದು.

“ಕೆನಡಾಕ್ಕ ಬಿಗಿ ಬ್ಯಾಡ, ಒಪ್ಪಿದೆ. ಇದಕ್ಕ ಬಿಗೀನ ಬೇಕು. ಎಂಟು ದಿನ ಕಚ್ಚತಾವು, ಕಚ್ಚಲಿ. ಆಮ್ಯಾಲ ನಿನ್ನ ಕಾಲು ಬಿಟ್ಟು ಬ್ಯಾರೆ ಯಾರ ಕಾಲಿಗೂ ಬರೂದಿಲ್ಲ.”

ಹಾಲ್‌ನ ಮರದ ನೆಲದ ಮೇಲೆ ಆ ಚಪ್ಪಲಿ ಕರ್ ಕರ್ ಎಂದಿತು. ಎಳ್ಳು ಹಂಚುತ್ತಿದ್ದವರು, ಕುರ್ಚಿ ಹಾಕುತ್ತಿದ್ದವರು ಎಲ್ಲ ತಿರುಗಿ ನೋಡಿದರು. ದ್ಯಾಮವ್ವ ನಾಲ್ಕು ಹೆಜ್ಜೆ ಹಿಂದಿನಿಂದ ಮಗನ ಕಾಲನ್ನೇ ನೋಡುತ್ತ ಬರುತ್ತಿದ್ದಳು. ಅವನು ಹೆಜ್ಜೆ ಮೆಲ್ಲಗೆ ಇಡಲಿಲ್ಲ.